ಸಹಾಯ ಬೇಕು: ಆಯುರ್ವೇದ ಔಷಧಿ ಯೂನಿಟ್‌ಗೆ ಕೇರಳ ಸರ್ಕಾರದ ಸಬ್ಸಿಡಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದವಳು. ತಮ್ಮನ ಜೊತೆ ಸೇರಿ ತೈಲ, ಕಷಾಯ ತಯಾರಿಸುವ ಸಣ್ಣ ಯೂನಿಟ್ ಶುರು ಮಾಡುತ್ತಿದ್ದೇನೆ. ಆಯುರ್ವೇದ ಔಷಧಿ ತಯಾರಿಕೆಯ ಸರ್ಕಾರಿ ನಿಯಮವಾದ ಶೆಡ್ಯೂಲ್ ಟಿ ಪ್ರಕಾರ ಕನಿಷ್ಠ 1200 ಚದರ ಅಡಿ ಕಟ್ಟಡ ಬೇಕು, ಒಂದೊಂದು ಕೆಲಸಕ್ಕೂ ಬೇರೆ ಬೇರೆ ವಿಭಾಗ ಇರಬೇಕು. ಹಾಗಾಗಿ ಅಜ್ಜನ ಕಾಲದಲ್ಲಿ ಅಡಿಕೆ ಸುಲಿಯುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಗೋಡೆಗಳು ಎದ್ದಿವೆ. ಬೇರು ತೊಳೆಯಲು ಒಂದು ಕಡೆ, ತೈಲ ಕಾಯಿಸಲು ಒಂದು ಕಡೆ, ಬಾಟಲಿ ತುಂಬಲು ಇನ್ನೊಂದು ಕಡೆ.

ಸಣ್ಣ ಉದ್ಯಮಗಳಿಗೆ ಹೂಡಿದ ಬಂಡವಾಳದ ಒಂದು ಪಾಲನ್ನು ಸಬ್ಸಿಡಿಯಾಗಿ ಕೊಡುವ ಕೇರಳ ಸರ್ಕಾರದ ಎಂಟರ್‌ಪ್ರೆನರ್ ಸಪೋರ್ಟ್ ಸ್ಕೀಮ್‌ನಲ್ಲಿ ಕಾಸರಗೋಡು, ವಯನಾಡು, ಇಡುಕ್ಕಿ, ಪತ್ತನಂತಿಟ್ಟ ಜಿಲ್ಲೆಗಳಿಗೆ ಮಾಮೂಲಿ ಸಬ್ಸಿಡಿಯ ಜೊತೆಗೆ ಬಂಡವಾಳದ ಶೇ. 10 ಜಾಸ್ತಿ ಸಿಗುತ್ತದೆ. ನಮ್ಮಂಥವರಿಗೆ ಅದು ದೊಡ್ಡ ಮೊತ್ತ. ಹೊರಗಿನ ದೊಡ್ಡ ಕಂಪನಿಗಳನ್ನು ಕರೆತರುವಷ್ಟೇ ಇಂಥ ಯೂನಿಟ್‌ಗಳೂ ಮುಖ್ಯ. ಕೆಲಸ ಸಿಗುವುದು ಊರಿನ ಹೆಂಗಸರಿಗೇ ಅಲ್ವಾ?

ಈಗ ತೊಡಕು ಏನೆಂದರೆ, ಬಾಯ್ಲರ್ ಮತ್ತು ಸ್ಟೀಲ್ ಪಾತ್ರೆಗಳ ಬಿಲ್ಲು ಬ್ಯಾಂಕ್ ಸಾಲ ಮಂಜೂರಾಗುವ ಮೊದಲಿನದು. ಜಾಗ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಇವೆಲ್ಲ ಬಂಡವಾಳದ ಲೆಕ್ಕಕ್ಕೆ ಬರುತ್ತವೆಯೇ? ಕಾಗದಪತ್ರಗಳೆಲ್ಲ ಮಲಯಾಳದಲ್ಲಿವೆ. ಮಾತಾಡಲು ಬರುತ್ತದೆ, ಆದರೆ ಕಚೇರಿಯ ಭಾಷೆ ತಲೆಗೆ ಹತ್ತುವುದಿಲ್ಲ. ಈ ಸಬ್ಸಿಡಿ ಪಡೆದ ಕನ್ನಡದವರು ಯಾರಾದರೂ ಇದ್ದರೆ ದಯವಿಟ್ಟು ಇಲ್ಲೇ ಬರೆಯಿರಿ. ಮಂಜೇಶ್ವರ, ಕುಂಬಳೆ ಕಡೆಯವರಾದರೆ ನಾನೇ ಬಂದು ಕಾಣುತ್ತೇನೆ.