ಸಾಲದ ಕಂತು ಇರುವಾಗ ಕೆಲಸ ಬಿಡುವುದು ಅವಿಶ್ವಾಸವೇ?

ಪ್ರಶ್ನೆ: ಹುಬ್ಬಳ್ಳಿಯ ಸಹೋದರಿ

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ನಾನು ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಬರುವ ಜೂನ್‌ಗೆ ಐದು ವರ್ಷ ತುಂಬುತ್ತದೆ. ಹೊಸ ಮ್ಯಾನೇಜರ್ ಬಂದ ಮೇಲೆ ಎಲ್ಲರೆದುರು ಬೈಯುವುದು, ರಾತ್ರಿ ಮಲಗುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಕೆಲಸ ಹಚ್ಚುವುದು ದಿನನಿತ್ಯದ ಮಾತಾಗಿದೆ. ಭಾನುವಾರ ಆರಾಧನೆಯ ವೇಳೆಗೇ ಫೋನ್ ಮಾಡಿ, ಎತ್ತದಿದ್ದರೆ ಸೋಮವಾರ "ನಿಮ್ಮ ಪ್ರಾರ್ಥನೆ ಮುಗಿಯಿತೇ ಮೇಡಂ?" ಎಂದು ಎಲ್ಲರೂ ನಗುವಂತೆ ಕೇಳುತ್ತಾರೆ. ಇಷ್ಟನ್ನು ನುಂಗಿಕೊಂಡೆ. ಆದರೆ ಹೋದ ತಿಂಗಳಿಂದ, ಈಗ ಬರೆದ ಓಚರುಗಳಿಗೆ (ಖರ್ಚಿನ ಚೀಟಿಗಳಿಗೆ) ಕಳೆದ ಮಾರ್ಚ್‌ನ ದಿನಾಂಕ ಹಾಕಿ ಸಹಿ ಮಾಡಬೇಕೆಂದು ಒತ್ತಾಯಿಸುತ್ತಿದ್ದಾರೆ. ಏನೋ ನೆಪ ಹೇಳಿ ಮುಂದೂಡುತ್ತಿದ್ದೇನೆ.

ಯಜಮಾನರದು ಗುತ್ತಿಗೆ ಕೆಲಸ, ಒಂದು ತಿಂಗಳು ಇದ್ದರೆ ಮುಂದಿನ ತಿಂಗಳು ಇಲ್ಲ. ಮನೆ ಸಾಲದ ಕಂತು, ಮಗಳ ಪಿಯುಸಿ ಶುಲ್ಕ, ಸೊಸೈಟಿಯಲ್ಲಿ ಅಡವಿಟ್ಟ ಚಿನ್ನದ ಬಡ್ಡಿ, ಎಲ್ಲವೂ ನನ್ನ ಸಂಬಳದ ಮೇಲೆಯೇ ನಿಂತಿವೆ. ಸಭೆಗೆ ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು, ಕೊಡುವುದೂ ನಿಂತುಹೋಗಿದೆ. ಅದಕ್ಕೇ ಈ ಕಷ್ಟ ಬಂತೇನೋ ಎಂಬ ಅಂಜಿಕೆ ಬೇರೆ. ಉಪವಾಸ ಪ್ರಾರ್ಥನೆಯಲ್ಲಿ ವಿಷಯ ಹೇಳಿಕೊಂಡಾಗ, ಇದು ನೀವು ಹೊರಬೇಕಾದ ಶಿಲುಬೆ ಎಂದರು. ಕೆಲಸ ಬಿಟ್ಟರೆ ದೇವರ ಮೇಲೆ ಭರವಸೆ ಕಳೆದುಕೊಂಡಂತಾಗುತ್ತದೆಯೇ?

ಉತ್ತರ: ಧಾರವಾಡದ ನಿವೃತ್ತ ಶಿಕ್ಷಕ

ಸಹೋದರಿಯವರೇ, ಶಿಲುಬೆಯ ಮಾತನ್ನು ನಮ್ಮ ಸಭೆಗಳಲ್ಲಿ ಬಹಳ ಸುಲಭವಾಗಿ ಆಡುತ್ತೇವೆ, ಅದರಲ್ಲೂ ಹೊರಬೇಕಾದವರು ಬೇರೆಯವರಾಗಿದ್ದಾಗ. ವಕ್ರಬುದ್ಧಿಯ ಯಜಮಾನರಿಗೂ ಅಧೀನರಾಗಿರಿ ಎಂದು 1 ಪೇತ್ರ 2ರಲ್ಲಿ ಇರುವುದು ನಿಜ. ಆದರೆ ಆ ಮಾತು ಬಿಟ್ಟುಹೋಗುವ ಹಕ್ಕೇ ಇಲ್ಲದ ಮನೆಯಾಳುಗಳಿಗೆ, ಅಂದರೆ ದಾಸರಿಗೆ ಹೇಳಿದ್ದು. ಅದೇ ದಾಸರಿಗೆ ಪೌಲನು, ಬಿಡುಗಡೆ ಹೊಂದುವ ಅವಕಾಶವಿದ್ದರೆ ಅದನ್ನು ಉಪಯೋಗಿಸಿಕೊಳ್ಳಿರಿ ಎಂಬರ್ಥದಲ್ಲಿ ಬರೆದಿದ್ದಾನೆ (1 ಕೊರಿಂಥ 7:21). ರಾಜೀನಾಮೆ ಪತ್ರ ಬರೆಯುವ ಸ್ವಾತಂತ್ರ್ಯವಿರುವ ನಿಮಗೆ ಮೊದಲನೆಯದನ್ನಷ್ಟೇ ಓದಿ ಹೇಳುವುದು ನ್ಯಾಯವಲ್ಲ.

ನಿಮ್ಮ ಪರಿಸ್ಥಿತಿಗೆ ಆದಿಕಾಂಡ 31ನೇ ಅಧ್ಯಾಯ ಹೆಚ್ಚು ಹತ್ತಿರವಾಗಿದೆ. ಮಾವನಾದ ಲಾಬಾನನು ಹತ್ತು ಸಾರಿ ಸಂಬಳ ಬದಲಾಯಿಸಿದರೂ ಯಾಕೋಬನು ಇಪ್ಪತ್ತು ವರ್ಷ ಅವನ ಬಳಿ ದುಡಿದನು, ಹಗಲು ಬಿಸಿಲು ರಾತ್ರಿ ಚಳಿ ಎನ್ನದೆ ಮಂದೆ ಕಾದನು. ಆದರೂ ಹೊರಡುವ ಕಾಲ ಬಂದಾಗ ಹೊರಟನು. ಹೊರಡುವ ಮೊದಲು ಅವನು ತನ್ನ ಹೆಂಡತಿಯರಾದ ರಾಹೇಲಳನ್ನೂ ಲೇಯಳನ್ನೂ ತಾನು ಮಂದೆ ಮೇಯಿಸುತ್ತಿದ್ದ ಅಡವಿಗೇ ಕರೆಸಿ, ಎಲ್ಲವನ್ನೂ ಬಿಡಿಸಿ ಹೇಳಿ, ಅವರ ಒಪ್ಪಿಗೆ ಪಡೆದನು. ನೀವೂ ಮೊದಲು ಯಜಮಾನರ ಜೊತೆ ಕುಳಿತು, ಮನೆಯ ಲೆಕ್ಕ ಮುಂದಿಟ್ಟುಕೊಂಡು ಮಾತಾಡಿ.

ಓಚರಿನ ವಿಷಯ ಬೇರೆ; ಅದಕ್ಕೆ ಜೂನ್‌ವರೆಗೆ ಕಾಯಲಾಗದು, ನೆಪ ಹೇಳಿ ದಿನ ದೂಡುವುದೂ ಹೆಚ್ಚು ಕಾಲ ನಡೆಯದು. ದಾನಿಯೇಲನು ಅರಸನ ಭೋಜನವನ್ನು ಒಲ್ಲೆನೆಂದಾಗ ಜಗಳಕ್ಕೆ ಇಳಿಯಲಿಲ್ಲ; ಹತ್ತು ದಿನ ಕಾಯಿಪಲ್ಯ ಕೊಟ್ಟು ಪರೀಕ್ಷಿಸಿ ನೋಡು ಎಂದು ಮೇಲ್ವಿಚಾರಕನಿಗೆ ಬೇರೆ ದಾರಿಯನ್ನು ತೋರಿಸಿದನು. ಲೆಕ್ಕಪತ್ರದಲ್ಲಿ ಅಂಥ ದಾರಿ ಏನಿದೆಯೋ ತಿಳಿದವರು ಹೇಳಲಿ.

ಉತ್ತರ: ಬೆಂಗಳೂರಿನ ಸಹೋದರ

ಹಿರಿಯರ ಮಾತಿಗೆ ಎದುರಾಡುತ್ತಿಲ್ಲ, ಆದರೆ ಒಂದು ಎಚ್ಚರಿಕೆ. ಬೈಯುವ ಮ್ಯಾನೇಜರ್ ಎಲ್ಲ ಕಡೆ ಇದ್ದಾನೆ. ಯೋಸೇಫನು ದಾಸನಾಗಿ ಪೋಟೀಫರನ ಮನೆಯಲ್ಲಿಯೂ ಸೆರೆಮನೆಯಲ್ಲಿಯೂ ನಂಬಿಗಸ್ತನಾಗಿ ಉಳಿದದ್ದರಿಂದಲೇ ಮೇಲೆ ಬಂದನು. ಕೈಯಲ್ಲಿ ಇನ್ನೊಂದು ಕೆಲಸದ ಆದೇಶಪತ್ರ ಇಲ್ಲದೆ ರಾಜೀನಾಮೆ ಕೊಡಬೇಡಿ. ಕಂತು ತಪ್ಪಿದಾಗ ಬ್ಯಾಂಕಿನವರು ನಮ್ಮ ವಿಶ್ವಾಸವನ್ನು ಕೇಳುವುದಿಲ್ಲ.

ಉತ್ತರ: ಮಂಗಳೂರಿನ ಲೆಕ್ಕಪರಿಶೋಧಕಿ

ಯೋಸೇಫನು ಉಳಿದದ್ದೂ ನಿಜ, ಪೋಟೀಫರನ ಹೆಂಡತಿ ಪಾಪಕ್ಕೆ ಕರೆದು ಹಿಡಿದಾಗ ಮೇಲಂಗಿಯನ್ನು ಅಲ್ಲಿಯೇ ಬಿಟ್ಟು ಓಡಿದ್ದೂ ನಿಜ! ಆದರೆ ಇನ್ನೊಂದು ಕೆಲಸ ಹಿಡಿದೇ ಹೊರಡಿ ಎಂಬ ನಿಮ್ಮ ಸಲಹೆಯನ್ನು ಪೂರ್ತಿ ಒಪ್ಪುತ್ತೇನೆ.

ಅಕ್ಕಾ, ಓಚರಿಗೆ ದಾರಿ ಇದೆ. ಹಿಂದಿನ ವರ್ಷದ ಖರ್ಚು ನಿಜವಾಗಿಯೂ ಆಗಿದ್ದರೆ, ಅದನ್ನು ಇಂದಿನ ದಿನಾಂಕದಲ್ಲಿಯೇ ಹಿಂದಿನ ಅವಧಿಯ ವೆಚ್ಚವೆಂದು ನಮೂದಿಸಬಹುದು. ಹಾಗೆಂದು ಮ್ಯಾನೇಜರಿಗೆ ಎರಡೇ ಸಾಲಿನ ಇಮೇಲ್ ಕಳುಹಿಸಿ, ಹಳೆಯ ದಿನಾಂಕವೇ ಬೇಕಿದ್ದರೆ ಬರವಣಿಗೆಯಲ್ಲಿ ತಿಳಿಸಿ ಎಂದು ಕೇಳಿ. ಸಾಮಾನ್ಯವಾಗಿ ಅಂಥವರು ಬಾಯಲ್ಲಿ ಹೇಳುತ್ತಾರೆಯೇ ಹೊರತು ಬರೆದು ಕೊಡುವುದಿಲ್ಲ. ಬರೆದು ಕೊಟ್ಟರೂ ಸಹಿ ಮಾಡಬೇಡಿ. ಮೋಸದ ಉದ್ದೇಶದಿಂದ ಲೆಕ್ಕವನ್ನು ಸುಳ್ಳಾಗಿಸುವುದಕ್ಕೆ ಕಾನೂನಿನಲ್ಲಿ ಏಳು ವರ್ಷಗಳವರೆಗೆ ಸೆರೆವಾಸವಿದೆ, ಮತ್ತು ಆ ಕಲಮು ಗುಮಾಸ್ತ, ಅಧಿಕಾರಿ, ನೌಕರ ಎಂದು ನಮ್ಮಂಥವರನ್ನು ಹೆಸರಿಸಿಯೇ ಹೇಳುತ್ತದೆ.

ಜೂನ್ ಎಂದಿರಲ್ಲ, ಅದು ಮುಖ್ಯ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಕಾಯಂ ನೌಕರರು ಐದು ವರ್ಷ ಪೂರೈಸಿದರೆ, ಕೆಲಸ ಬಿಡುವಾಗ ಸಂಸ್ಥೆ ಕೊಡಬೇಕಾದ ಗ್ರಾಚ್ಯುಯಿಟಿ ಹಣ ಸಿಗುತ್ತದೆ: ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಆ ವೇತನ ಮತ್ತು ಭತ್ಯೆ ಸೇರಿ ತಿಂಗಳಿಗೆ 20,000 ರೂಪಾಯಿ ಎಂದಿಟ್ಟುಕೊಂಡರೆ ಐದು ವರ್ಷಕ್ಕೆ ಸುಮಾರು 57,690 ರೂಪಾಯಿ. ಚಿನ್ನ ಬಿಡಿಸಿಕೊಳ್ಳಲು ಇದು ಸಾಕಾಗಬಹುದು. ಆದರೆ ಸುಳ್ಳು ಸಹಿಯ ಒತ್ತಡ ಹೆಚ್ಚಿದರೆ, ಇಲ್ಲವೇ ನಿದ್ದೆ ಊಟ ಬಿಟ್ಟು ಆರೋಗ್ಯ ಕೆಡತೊಡಗಿದರೆ, ಈ ಹಣಕ್ಕಾಗಿ ಜೂನ್‌ವರೆಗೆ ಕಾಯುವುದು ಬೇಡ ಎಂಬುದೇ ನನ್ನ ಅಭಿಪ್ರಾಯ. ರಾತ್ರಿ ತೀರಾ ಸಂಕಟವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತಾಡುತ್ತಾರೆ. ಪಿಎಫ್ ಹಣವನ್ನು ಮಾತ್ರ ತೆಗೆಯಬೇಡಿ. ನಿಮ್ಮ ಪಿಎಫ್ ಖಾತೆಯ ಗುರುತಿನ ಸಂಖ್ಯೆ (ಯುಎಎನ್) ಅದೇ ಇರುತ್ತದೆ, ಹೊಸ ಸಂಸ್ಥೆಗೆ ವರ್ಗಾಯಿಸಿದರೆ ಪಿಂಚಣಿಗೆ ಬೇಕಾದ ಹತ್ತು ವರ್ಷಗಳ ಲೆಕ್ಕಕ್ಕೆ ಈ ಸೇವೆಯೂ ಸೇರುತ್ತದೆ.

ಇನ್ನೊಂದು ಮಾತು. ಕೆಲಸ ಹುಡುಕುತ್ತಿದ್ದೇನೆಂದು ಸಭೆಯಲ್ಲಿ ಹೇಳಿಕೊಳ್ಳಲು ಸಂಕೋಚಪಡಬೇಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಕ್ರೈಸ್ತರಾದ ಕಾರಣಕ್ಕೆ ಕುಲಕಸುಬನ್ನೂ ಮನೆಮಠವನ್ನೂ ಕಳೆದುಕೊಂಡವರಿಗೆ ಪ್ರಾರ್ಥನೆಯನ್ನಷ್ಟೇ ಹೇಳಿಕೊಡಲಿಲ್ಲ. ನೇಯ್ಗೆ ಕಾರ್ಖಾನೆ ನಡೆಸಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಅನ್ನದ ಚಿಂತೆಯೂ ಸಭೆಯ ಕೆಲಸವೇ ಎಂದು ತಿಳಿದಿದ್ದವರ ಮಕ್ಕಳು ಮೊಮ್ಮಕ್ಕಳು ನಾವು.

ಹುಬ್ಬಳ್ಳಿಯ ಸಹೋದರಿ

ಎಲ್ಲರಿಗೂ ವಂದನೆಗಳು. ಇಮೇಲ್ ನಾಳೆಯೇ ಕಳುಹಿಸುತ್ತೇನೆ. ದಶಮಾಂಶದ ಬಗ್ಗೆ ಯಾರೂ ಬರೆಯಲಿಲ್ಲ; ದಶಮಾಂಶ ಕೊಡದವರು ದೇವರಿಂದ ಕದ್ದವರು ಎನ್ನುವ ಮಲಾಕಿಯ 3 ಓದಿದಾಗಲೆಲ್ಲ ಎದೆ ಡವಗುಟ್ಟುತ್ತದೆ.

ಉತ್ತರ: ಧಾರವಾಡದ ನಿವೃತ್ತ ಶಿಕ್ಷಕ

ಅಮ್ಮಾ, ಮಲಾಕಿಯನ ಮಾತನ್ನು ಬಡ್ಡಿ ವಸೂಲಿಗೆ ಬಂದವರ ದನಿಯಲ್ಲಿ ಓದಬೇಡಿ. ಧರ್ಮೋಪದೇಶಕಾಂಡ 14ರ ಪ್ರಕಾರ ಮೂರನೆಯ ವರ್ಷದ ದಶಮಾಂಶವನ್ನು ಊರೊಳಗೇ ಕೂಡಿಡಬೇಕಿತ್ತು. ದೇವಾಲಯದ ಸೇವೆಯ ಲೇವಿಯರು, ಪರದೇಶಿಗಳು, ತಾಯಿತಂದೆಯಿಲ್ಲದವರು, ವಿಧವೆಯರು ಬಂದು ತೃಪ್ತಿಯಾಗಿ ಊಟಮಾಡಲೆಂಬುದೇ ಅದರ ಉದ್ದೇಶ. ದೇವರಿಗೆ ಅರ್ಪಿತ ಎಂದು ಹೇಳಿ ಮುಪ್ಪಿನ ತಂದೆತಾಯಿಗಳಿಗೆ ಕೊಡಬೇಕಾದುದನ್ನು ತಪ್ಪಿಸುತ್ತಿದ್ದವರನ್ನು ಯೇಸುಸ್ವಾಮಿಯೇ ಗದರಿಸಿದನು (ಮಾರ್ಕ 7). ಒಬ್ಬನ ಬಳಿ ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಸಮರ್ಪಕ, ಇಲ್ಲದ್ದನ್ನು ಕೇಳುವುದಿಲ್ಲ ಎಂಬುದು 2 ಕೊರಿಂಥ 8:12ರ ಸಾರ. ಕೈಲಾದದ್ದನ್ನು, ಐವತ್ತು ರೂಪಾಯಿಯಾದರೂ ಸರಿ, ಸಂತೋಷದಿಂದ ಹಾಕಿ. ಸಭಾಪಾಲಕರನ್ನು ಮನೆಗೆ ಕರೆದು ಈ ವಿಷಯ ಬಿಚ್ಚಿ ಹೇಳಿ, ಯಜಮಾನರೂ ಜೊತೆಗಿರಲಿ. ಮುಂದಿನ ತಿಂಗಳ ಕಂತು ಕಷ್ಟವೆನಿಸಿದರೆ ಗಡುವಿಗೆ ಮುಂಚೆಯೇ ಬ್ಯಾಂಕಿನ ಶಾಖೆಗೆ ಹೋಗಿ ಮಾತಾಡಿ. ಕಂತು ತಪ್ಪಿದ ಮೇಲೆ ಹೋದವರ ಮಾತಿಗೆ ಅಲ್ಲಿ ಬೆಲೆ ಕಡಿಮೆ.