ಚಳಿಗೆ ಬೆಳಿಗ್ಗೆ ಸ್ಟಾರ್ಟ್ ಆಗದ ಎಟಿವಿ: ಅನುಭವ ಇದ್ದವರು ಹೇಳಿ

ನಂದಿ ಬೆಟ್ಟದ ಬುಡದಿಂದ ಕೇಳಿದ್ದು:

ನಮಸ್ಕಾರ. ನಮ್ಮದು ಎರಡು ಎಕರೆ ದ್ರಾಕ್ಷಿ, ಅರ್ಧ ಎಕರೆ ಸೇವಂತಿಗೆ. ಸಾಲುಗಳ ನಡುವೆ ಗೊಬ್ಬರ, ಔಷಧಿ ಡ್ರಮ್, ಹೂವಿನ ಮೂಟೆ ಸಾಗಿಸಲು ಹೋದ ವರ್ಷ ಒಂದು ಹಳೆಯ ಎಟಿವಿ (ಬೈಕಿನ ಹಾಗೆ ಹತ್ತಿ ಕೂರುವ, ನಾಲ್ಕು ದಪ್ಪ ಚಕ್ರದ ಸಣ್ಣ ಗಾಡಿ) ತಗೊಂಡೆವು. 125 ಸಿಸಿ, ಕಾರ್ಬೋರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿ, ಗೇರ್ ಆಟೋಮ್ಯಾಟಿಕ್. ಸೆಲ್ಫ್ ಮಾತ್ರ ಇದೆ, ಕಿಕ್ಕರ್ ಇಲ್ಲ. ಡಿಸೆಂಬರ್ ಶುರುವಾದಾಗಿನಿಂದ ಬೆಳಿಗ್ಗೆ ಐದಕ್ಕೆ ಸ್ಟಾರ್ಟ್ ಆಗುತ್ತಿಲ್ಲ. ಹತ್ತು ಗಂಟೆಗೆ ಬಿಸಿಲು ಏರಿದ ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಹತ್ತಿಕೊಳ್ಳುತ್ತದೆ. ಹೂವು ಟೆಂಪೊ ನಿಲ್ಲುವ ಜಾಗಕ್ಕೆ ಹೋಗಬೇಕಾದ ಹೊತ್ತಿಗೇ ಕೈ ಕೊಡುತ್ತದೆ. ಸ್ಪಾರ್ಕ್ ಪ್ಲಗ್ ಹೊಸದು ಹಾಕಿದ್ದಾಯಿತು. ಇನ್ನು ಬ್ಯಾಟರಿ ಬದಲಿಸಲಾ? ಆ ದುಡ್ಡು ಸುಮ್ನೆ ಹೋಗಬಾರದು, ಅದಕ್ಕೇ ಕೇಳುತ್ತಿದ್ದೇನೆ.

ಗೌರಿಬಿದನೂರಿನಿಂದ:

ಬ್ರೇಕ್ ಲಿವರ್ ಹಿಡಿದುಕೊಂಡೇ ಬಟನ್ ಒತ್ತುತ್ತಿದ್ದೀರಾ ಸಾರ್? ತುಂಬಾ ಎಟಿವಿಗಳು ಬ್ರೇಕ್ ಹಿಡಿಯದೆ ಸ್ಟಾರ್ಟ್ ಆಗುವುದಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿದೆಯಾ, ಇಂಜಿನ್ ಆಫ್ ಮಾಡುವ ಕೆಂಪು ಕಿಲ್ ಸ್ವಿಚ್ ಸರಿ ಕೂತಿದೆಯಾ ನೋಡಿ. ನಮ್ಮದರಲ್ಲಿ ಬ್ರೇಕಿನ ಸ್ವಿಚ್ಚಿಗೆ ಇಬ್ಬನಿ ನೀರು ಇಳಿದಿತ್ತು. ಒಣ ಬಟ್ಟೆಯಲ್ಲಿ ಒರೆಸಿದ್ದಷ್ಟೇ, ಸರಿಹೋಯಿತು.

ಶಿಡ್ಲಘಟ್ಟದಿಂದ:

ಅಣ್ಣಾ, ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಒಂದು ಬೆಳಿಗ್ಗೆ ಕಿವಿಗೊಟ್ಟು ಕೇಳಿ. ಇಪ್ಪತ್ತು ವರ್ಷದಿಂದ ಟೂ ವೀಲರ್ ಗ್ಯಾರೇಜ್ ಇಟ್ಟಿದ್ದೇನೆ, ತೋಟದವರ ಎಟಿವಿಗಳೂ ಬರುತ್ತವೆ. ನಮ್ಮ ಕಡೆ ಚಳಿ ಅಂದರೆ ಹತ್ತು, ಹನ್ನೆರಡು ಡಿಗ್ರಿ. ಸರಿ ಇರುವ ಗಾಡಿ ಇಷ್ಟಕ್ಕೆ ನಿಲ್ಲುವುದಿಲ್ಲ. ಯಾವುದೋ ಒಂದು ಭಾಗ ಅರೆಬರೆ ಕೆಲಸ ಮಾಡುತ್ತಿದೆ. ಬಿಸಿಲಲ್ಲಿ ಹೇಗೋ ನಿಭಾಯಿಸುತ್ತದೆ, ಚಳಿಯಲ್ಲಿ ಆಗುವುದಿಲ್ಲ.

ಬಟನ್ ಒತ್ತಿದಾಗ ಬರೀ 'ಟಿಕ್' ಅಂತದಾ? 'ಗುರ್ರ್... ಗುರ್ರ್' ಅಂತ ಎಳೆದೆಳೆದು ತಿರುಗುತ್ತದಾ? ಎರಡರಲ್ಲೂ ಸೆಲ್ಫ್ ಮೋಟರಿಗೆ ಕರೆಂಟ್ ಸಾಲುತ್ತಿಲ್ಲ. ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿ ಮರೆತುಬಿಡಿ, ಪೆಟ್ರೋಲ್ ಕಡೆ ನೋಡಿ.

ಕರೆಂಟಿನದ್ದು ಮೊದಲು. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಫುಲ್ ಚಾರ್ಜ್ ಇದೆ. 12.2ರ ಹತ್ತಿರ ಇದ್ದರೆ ಅರ್ಧ ಖಾಲಿ. ಆಮೇಲೆ ಒಬ್ಬರು ಸೆಲ್ಫ್ ಒತ್ತಲಿ, ನೀವು ಬ್ಯಾಟರಿ ಮೇಲೆಯೇ ಮೀಟರ್ ಹಿಡಿದಿರಿ. ಒಂಬತ್ತೂವರೆಗಿಂತ ಕೆಳಗೆ ಕುಸಿದರೆ ಬ್ಯಾಟರಿ ವೀಕ್. ಹನ್ನೊಂದರ ಮೇಲೇ ನಿಂತು ಮೋಟರ್ ಮಾತ್ರ ನಿಧಾನಕ್ಕೆ ತಿರುಗಿದರೆ, ಕರೆಂಟ್ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ. ಅರ್ಥ್ ವೈರ್ (ಬ್ಯಾಟರಿಯ ಮೈನಸ್ ಕಡೆಯದು) ಗಾಡಿಯ ಚಾಸಿಗೆ ಸೇರುವ ಬೋಲ್ಟ್ ಬಿಚ್ಚಿ. ಗೊಬ್ಬರ ಸಾಗಿಸುವ ಗಾಡಿಗಳಲ್ಲಿ ಅದರಡಿ ಬಿಳಿ, ಹಸಿರು ಪುಡಿ ಕಟ್ಟಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಉಪ್ಪುಕಾಗದ ಹಾಕಿ ಲೋಹ ಹೊಳೆಯುವವರೆಗೆ ತಿಕ್ಕಿ, ಬಿಗಿ ಮಾಡಿ. ಮೇಲೆ ಸ್ವಲ್ಪ ವ್ಯಾಸಲಿನ್ ಸವರಿ.

ಇನ್ನು ಪೆಟ್ರೋಲ್. ಹೊಸ ಪ್ಲಗ್ಗನ್ನೇ ಬಿಚ್ಚಿ ನೋಡಿ. ಅಷ್ಟು ಹೊತ್ತು ಸೆಲ್ಫ್ ಹೊಡೆದ ಮೇಲೂ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಓವರ್‌ಫ್ಲೋ ಆಗಿದೆ, ಇಲ್ಲ ಕಿಡಿ ಬರುತ್ತಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಪೈಲಟ್ ಜೆಟ್ಟಿನಲ್ಲಿ (ಕಾರ್ಬೋರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಅಂಟು ಕಟ್ಟುತ್ತದೆ. ಆ ಜೆಟ್ಟಿನ ತೂತು ತುಂಬಾ ಸಣ್ಣದು. ಬಿಚ್ಚಿ ಬಿಸಿಲಿಗೆ ಹಿಡಿದರೆ ದುಂಡಗೆ ಒಂದು ಚುಕ್ಕಿ ಬೆಳಕು ಕಾಣಬೇಕು. ಕಾಣದಿದ್ದರೆ ಕಾರ್ಬೋರೇಟರ್ ಕ್ಲೀನರ್ ಹೊಡೆದು ಗಾಳಿ ಬಿಡಿ. ತಂತಿ ತೂರಿಸಲೇಬೇಡಿ, ತೂತು ದೊಡ್ಡದಾದರೆ ಮುಂದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಚೋಕ್ (ತಣ್ಣಗಿನ ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಕೊಡುವ ಲಿವರ್) ಎಳೆದಿರುವಾಗ ಆಕ್ಸಿಲೇಟರ್ ಒತ್ತಬೇಡಿ. ಎಷ್ಟೋ ಜನ ಇಲ್ಲೇ ತಪ್ಪುತ್ತಾರೆ. ಆಕ್ಸಿಲೇಟರ್ ತೆರೆದರೆ ಎಳೆತ ಕಮ್ಮಿಯಾಗಿ ಚೋಕಿನ ಪೆಟ್ರೋಲ್ ಸರಿಯಾಗಿ ಮೇಲೆ ಬರುವುದಿಲ್ಲ. ಐದು ಸೆಕೆಂಡ್ ಸೆಲ್ಫ್ ಒತ್ತಿ, ಹದಿನೈದು ಸೆಕೆಂಡ್ ಬಿಡಿ, ಮತ್ತೆ ಒತ್ತಿ. ತಳ್ಳಿ ಸ್ಟಾರ್ಟ್ ಮಾಡಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ. ನಿಮ್ಮದು ಆಟೋಮ್ಯಾಟಿಕ್, ಚಕ್ರ ತಿರುಗಿದರೂ ಇಂಜಿನ್ ತಿರುಗುವುದಿಲ್ಲ.

ಮುಳಬಾಗಿಲಿನಿಂದ:

ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ನಮ್ಮ ಗಾಡಿಗೆ ಬ್ಯಾಟರಿ, ಪ್ಲಗ್, ಕಾರ್ಬೋರೇಟರ್ ಎಲ್ಲಾ ಆದ ಮೇಲೂ ಬೆಳಿಗ್ಗೆ ಅದೇ ಗೋಳು. ಕೊನೆಗೆ ಸಿಕ್ಕಿದ್ದು ಟ್ಯಾಪೆಟ್, ಅಂದರೆ ಇಂಜಿನ್ನಿನ ವಾಲ್ವ್ ಒತ್ತುವ ಭಾಗ. ಗ್ಯಾಪ್ ಕಮ್ಮಿಯಾಗಿ ವಾಲ್ವ್ ಪೂರ್ತಿ ಕೂರುತ್ತಿರಲಿಲ್ಲ, ಕಂಪ್ರೆಶನ್ (ಇಂಜಿನ್ ಒಳಗಿನ ಒತ್ತಡ) ಸೋರುತ್ತಿತ್ತು. ಇಂಜಿನ್ ಪೂರ್ತಿ ತಣ್ಣಗಿರುವಾಗ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಇಟ್ಟು, ಕಂಪನಿ ಪುಸ್ತಕದಲ್ಲಿ ಇರುವ ಗ್ಯಾಪಿಗೆ ಸೆಟ್ ಮಾಡಿಸಿ. ಇಂಜಿನ್ ಆಯಿಲ್ ಯಾವುದು ಹಾಕಿದ್ದೀರಿ? 20W-40 ಚಳಿಯಲ್ಲಿ ದಪ್ಪಗಾಗುತ್ತದೆ. ಪುಸ್ತಕದಲ್ಲಿ 10W-30 ಆಗುತ್ತದೆ ಅಂತ ಇದ್ದರೆ ಅದು ಒಳ್ಳೆಯದು.

ಚಿಂತಾಮಣಿಯಿಂದ:

ಗಾಡಿ ರಿಪೇರಿ ನನಗೆ ಅಷ್ಟು ಗೊತ್ತಿಲ್ಲ ಅಣ್ಣ, ಆದರೆ ಒಂದು ಮಾತು ಹೇಳಲೇಬೇಕು. ಚಳಿ ಬಿಡಿಸುತ್ತೇನೆ ಅಂತ ಇಂಜಿನ್ ಕೆಳಗೆ ಬೆಂಕಿ ಹಾಕಬೇಡಿ. ಹಳೆಯ ಡೀಸೆಲ್ ಇಂಜಿನ್ನಿಗೆ ಹಾಗೆ ಮಾಡುತ್ತಿದ್ದುದನ್ನು ನೋಡಿ ನಮ್ಮ ಮೈದುನ ಎಟಿವಿ ಕೆಳಗೆ ಒಂದು ಹಿಡಿ ಹುಲ್ಲು ಹೊತ್ತಿಸಿದ. ಕಾರ್ಬೋರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು, ಅವನು ನೋಡಿರಲಿಲ್ಲ. ಭಗ್ ಅಂತ ಮೇಲೆದ್ದಿತು. ಸೀಟು ಸುಟ್ಟಿತು, ಅವನ ಎಡಗೈ ಸುಟ್ಟಿತು. ಎರಡು ತಿಂಗಳು ಆ ಕೈಯಲ್ಲಿ ಲೋಟ ಹಿಡಿಯಲು ಆಗಲಿಲ್ಲ.

ಹಾಗೇ ಶೆಡ್ ಬಾಗಿಲು ಮುಚ್ಚಿ ಒಳಗೆ ಇಂಜಿನ್ ಓಡಿಸಬೇಡಿ. ಆ ಹೊಗೆಯಲ್ಲಿರುವ ವಿಷದ ಗಾಳಿಗೆ ವಾಸನೆಯೇ ಇಲ್ಲ, ಗೊತ್ತೇ ಆಗುವುದಿಲ್ಲ. ರಾತ್ರಿ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಟಾರ್ಪಲ್ ಹೊದಿಸಿ, ಇಬ್ಬನಿ ಬೀಳದಿದ್ದರೆ ಅರ್ಧ ಸಮಸ್ಯೆ ಕಮ್ಮಿ.

ನಂದಿ ಬೆಟ್ಟದ ಬುಡದಿಂದ, ನಾಲ್ಕು ದಿನದ ಮೇಲೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಂತಾಮಣಿಯ ಅಕ್ಕಾ, ನಿಮ್ಮ ಮಾತು ಓದಿ ಮನೆಯಲ್ಲಿ ಎಲ್ಲರಿಗೂ ಹೇಳಿದೆ. ನಮ್ಮ ಕೆಲಸದ ಹುಡುಗ ಬೆಂಕಿ ಹಾಕುವ ಯೋಚನೆಯಲ್ಲೇ ಇದ್ದ.

ಬ್ಯಾಟರಿ 12.6 ಇತ್ತು. ಸೆಲ್ಫ್ ಒತ್ತಿದಾಗ 11.4. ಮೋಟರ್ ಮಾತ್ರ ಎಳೆದೆಳೆದು ತಿರುಗುತ್ತಿತ್ತು. ಅರ್ಥ್ ಬೋಲ್ಟ್ ಬಿಚ್ಚಿದರೆ ಶಿಡ್ಲಘಟ್ಟದ ಅಣ್ಣ ಹೇಳಿದ ಹಾಗೇ ಹಸಿರು ಪುಡಿ, ವಾಷರ್ ಕೈಯಲ್ಲೇ ಮುರಿಯಿತು. ತಿಕ್ಕಿ ಹೊಸ ವಾಷರ್ ಹಾಕಿದ ಮೇಲೆ ಸೆಲ್ಫ್ ಚುರುಕಾಯಿತು, ಆದರೂ ಇಂಜಿನ್ ಹತ್ತಿಕೊಳ್ಳಲಿಲ್ಲ. ಪ್ಲಗ್ ಒಣಗಿತ್ತು. ಪೈಲಟ್ ಜೆಟ್ ಬಿಚ್ಚಿ ಬಿಸಿಲಿಗೆ ಹಿಡಿದೆ, ಬೆಳಕೇ ಇಲ್ಲ. ಪಂಕ್ಚರ್ ಅಂಗಡಿಗೆ ಹೋಗಿ ಗಾಳಿ ಹೊಡೆಸಿಕೊಂಡು ಬಂದೆ. ಇವತ್ತು ಬೆಳಿಗ್ಗೆ ಐದೂಹತ್ತಕ್ಕೆ ಆಕ್ಸಿಲೇಟರ್ ಮುಟ್ಟದೆ ಚೋಕ್ ಎಳೆದು ಒತ್ತಿದೆ. ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಹೂವು ಟೆಂಪೊಗೆ ಸಿಕ್ಕಿತು.

ಚೋಕ್ ಬಿಟ್ಟ ಮೇಲೆ ಎರಡು ನಿಮಿಷ ಸ್ವಲ್ಪ ತಡವರಿಸುತ್ತದೆ. ಭಾನುವಾರ ಟ್ಯಾಪೆಟ್ ನೋಡಿಸಿ ಇಲ್ಲೇ ಬರೆಯುತ್ತೇನೆ.