ಮಹಡಿ ಬಾತ್‌ರೂಮ್ ಒಡೆಸಬೇಕು, ನಂಬಿಕಸ್ಥ ಕಂಟ್ರಾಕ್ಟರ್ ಹಿಡಿಯೋದು ಹೇಗೆ? ಮಾಡಿಸಿದವರು ಹೇಳಿ

ಮೈಸೂರು ಮಗಳು: ಅಪ್ಪ 1994ರಲ್ಲಿ ಕಟ್ಟಿಸಿದ ಮನೆ. ಮಹಡಿ ಬಾತ್‌ರೂಮಿಂದ ಕೆಳಗಿನ ಅಡುಗೆಮನೆ ಸೀಲಿಂಗಿಗೆ ನೀರು ಇಳೀತಿದೆ. ಒಬ್ಬ ಮೇಸ್ತ್ರಿ ಬರೀ ಕೂಲಿ 48,000 ಅಂದಿದ್ದಾರೆ, ಸಾಮಾನು ನಮ್ಮದು. ಇನ್ನೊಬ್ಬರು ಸಾಮಾನು ಸೇರಿ 1.85 ಲಕ್ಷ, ಅರ್ಧ ಅಡ್ವಾನ್ಸ್ ಕೇಳ್ತಿದ್ದಾರೆ. ಅಮ್ಮನಿಗೆ ಮೊಣಕಾಲು ನೋವು, ಮನೇಲಿರೋ ಕಮೋಡ್ ಅದೊಂದೇ. ಯಾರಿಗೆ ಕೊಡಲಿ?

ರಾಜಾಜಿನಗರದವ: ಕೂಲಿ ಕಂಟ್ರಾಕ್ಟೇ ಕೊಡಿ, ಯೋಚನೆನೇ ಬೇಡ. ನಾನು ಹೋದ ವರ್ಷ ಹಾಗೇ ಮಾಡಿಸಿದ್ದು. ಗೋಡೆ ಟೈಲ್ಸ್ ಚದರಡಿಗೆ 46, ನೆಲಕ್ಕೆ ಜಾರದೇ ಇರೋದು 52. ಸಿಪಿವಿಸಿ ಅಂದರೆ ಬಿಸಿನೀರಿಗೂ ಆಗೋ ಪ್ಲಾಸ್ಟಿಕ್ ಪೈಪು, ಫಿಟಿಂಗ್ಸು 9,340. ಡೆಬ್ರಿ ಎತ್ತೋಕೆ ಟೆಂಪೋದವನು ಲೋಡಿಗೆ 2,800 ತಗೊಂಡ. ಮಹಡಿಯಿಂದ ಇಳಿಸೋಕೆ ಬೇರೆ ಆಳು, ಬೇರೆ ಕೂಲಿ. ಇದನ್ನ ಯಾರೂ ಮೊದಲೇ ಬಾಯಿ ಬಿಡಲ್ಲ. ಮೇಸ್ತ್ರಿ ಹೇಳಿದ ಲೆಕ್ಕಕ್ಕೆ ಟೈಲ್ಸ್ ತಂದರೆ ಮೂರು ಬಾಕ್ಸ್ ಕಮ್ಮಿ ಬಿತ್ತು. ಅಂಗಡಿಗೆ ಓಡಿದೆ, ಅದೇ ಕಂಪನಿ, ಅದೇ ಡಿಸೈನು, ಬಾಕ್ಸ್ ಮೇಲಿನ ಶೇಡ್ ನಂಬರ್ ಬೇರೆ! ಕಮೋಡ್ ಹಿಂದಿನ ಎರಡು ಸಾಲು ನೋಡಿದಾಗೆಲ್ಲ ಹೊಟ್ಟೆ ಉರಿಯತ್ತೆ. ಇರಲಿ, ಒಟ್ಟು 1,31,000ಕ್ಕೆ ಮುಗೀತು. ಸಾಮಾನು ಸೇರಿಸಿ ಮಾಡೋ ಪ್ಯಾಕೇಜಿನವರು 2.10 ಲಕ್ಷ ಹೇಳಿದ್ರು.

ಧಾರವಾಡ ಮಾಸ್ತರ: ಅಲ್ರೀ, ಆ 1,31,000ದಾಗ ನಿಮ್ಮ ರಜಾ ಎಷ್ಟ ಹೋತು ಅದನ್ನೂ ಕೂಡಿಸ್ರಿ. ಕೂಲಿ ಕಂಟ್ರಾಕ್ಟ್ ಅಂದ್ರ ನೀವ ಸೂಪರ್‌ವೈಸರ್, ನೀವ ಹಮಾಲ, ನೀವ ವಾಚ್‌ಮನ್. ನಮ್ಮ ಮೊದಲನೇ ಮಿಸ್ತ್ರಿ ಟೈಲ್ಸ್ ಎಲ್ಲಾ ಒಡದ, ಪೈಪ್ ಕಿತ್ತ, ಶನಿವಾರ ಪಗಾರ ಇಸಗೊಂಡ, ಸೋಮವಾರ ಬರಲೇ ಇಲ್ಲ. ಫೋನ್ ಮಾಡಿದ್ರ 'ಊರಾಗ ಜಾತ್ರಿ ಐತ್ರೀ ಸರ'. ಎಲ್ಲೀ ಜಾತ್ರಿ! ಹುಬ್ಬಳ್ಳ್ಯಾಗ ಇನ್ನೊಂದು ಸೈಟ್ ಹಿಡಿದಿದ್ದ. ಬಾಜೂ ಮನಿಯವರ ಬಚ್ಚಲದಾಗ ಜಳಕ ಮಾಡಿ ಸಾಲಿಗೆ ಹೋಗೇನಿ ನಾನು. ಆಮ್ಯಾಲೆ ಸಾಮಾನು ಸಮೇತ ಒಬ್ಬರಿಗೆ ಕೊಟ್ಟೆ. ಕಾಗದದ ಮ್ಯಾಲೆ ಬರಿಸಿಕೊಂಡೆ: ಶುರುವಿಗೆ 10%, ಪೈಪಿಗೆ ಪ್ರೆಶರ್ ಹಾಕಿ ತೋರಿಸಿದ ಮ್ಯಾಲೆ 40%, ಟೈಲ್ಸ್ ಮುಗದ ಮ್ಯಾಲೆ 40%, ಉಳಿದದ್ದು ಒಂದ ತಿಂಗಳ ನೀರು ಬಳಸಿದ ಮ್ಯಾಲೆ. 2,12,000 ಆತು. ಆಗಲಿ, ರಾತ್ರಿ ನಿದ್ದಿ ಬಂತು.

ಸುರತ್ಕಲ್ ಅಕ್ಕ: ನೀವೆಲ್ಲ ಟೈಲ್ಸಿನ ರೇಟೇ ಹೇಳ್ತಾ ಇದ್ದೀರಲ್ಲ ಮಾರಾಯ್ರೆ. ನೀರು ತಡೆಯುವುದು ಟೈಲ್ಸ್ ಅಲ್ಲ, ಅದರ ಅಡಿ ಹಚ್ಚುವ ಕೋಟಿಂಗ್. ನಮಗೆ ಸಾಮಾನು ಸೇರಿಸಿಯೇ ಕೊಟ್ಟದ್ದು, 1,74,000. ದೊಡ್ಡ ಆಫೀಸು, ಕಾಫಿ ಬೇರೆ ಕೊಟ್ರು. ಸಂಕನ್ ಸ್ಲ್ಯಾಬ್, ಅಂದರೆ ಪೈಪು ಹೋಗಲಿಕ್ಕೆ ತಗ್ಗಿಸಿ ಹಾಕಿದ ಬಾತ್‌ರೂಮ್ ನೆಲ, ಅದರೊಳಗೆ ತುಂಬಿದ್ದ ಹಳೇ ಇಟ್ಟಿಗೆ ಚೂರು ತೆಗೆಯಲೇ ಇಲ್ಲ, ಅದು ನೀರು ಕುಡಿದು ಕೂತಿತ್ತು. ಅದರ ಮೇಲೆಯೇ ಕಾಂಕ್ರೀಟ್, ಅದರ ಮೇಲೆ ಟೈಲ್ಸ್. ನೀರು ನಿಲ್ಲಿಸಿ ನೋಡುವ ಅಂದದ್ದಕ್ಕೆ 'ಏನೂ ಬೇಡ ಮೇಡಂ, ಹತ್ತು ವರ್ಷ ಗ್ಯಾರಂಟಿ'. ಜೂನಲ್ಲಿ ಕೆಳಗಿನ ಫಾಲ್ಸ್ ಸೀಲಿಂಗ್ ಉಬ್ಬಿತು. ಬಂದರು, ಟೈಲ್ಸಿನ ಸಂದಿಗೆ ಎಪಾಕ್ಸಿ ತುಂಬಿಸಿದರು, 14,000. ಸೋರುವುದು ಸೋರಿಯೇ ಸೋರಿತು. ಎರಡನೇ ಸಲ ಎಲ್ಲ ಒಡೆಸಿ, ಸ್ಲ್ಯಾಬಿನವರೆಗೆ ಕೆದಕಿಸಿ, ಮೂಲೆಗಳನ್ನು ಗುಂಡಗೆ ಮಾಡಿಸಿ, ಕೋಟಿಂಗ್ ಗೋಡೆಗೆ ಒಂದಡಿ ಏರಿಸಿ, 48 ಗಂಟೆ ನೀರು ನಿಲ್ಲಿಸಿ, ಮಟ್ಟ ಇಳಿಯುತ್ತದಾ ಅಂತ ಗೋಡೆಗೆ ಪೆನ್ಸಿಲ್ ಗೀಟು ಹಾಕಿ ನೋಡಿದ್ದೇವೆ. ಮತ್ತೆ 1,38,500. ಮೊದಲನೆಯವರ ಮೇಲೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸು ಹಾಕಿದ್ದೇನೆ. ಕೊಟ್ಟ ಹಣ 5 ಲಕ್ಷದ ಒಳಗೆ ಇದ್ದರೆ ಫೀಸೇ ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು ಅಷ್ಟೆ.

ರಾಜಾಜಿನಗರದವ: ಅದನ್ನೇ ನಾನು ಹೇಳಿದ್ದು. ಪ್ಯಾಕೇಜಿನವರೆಲ್ಲ ಹೀಗೇ.

ಧಾರವಾಡ ಮಾಸ್ತರ: ನೀವು ಎಲ್ಲಿ ಹೇಳೀರಿ? ನೀವು ಹೇಳಿದ್ದು ಶೇಡ್ ನಂಬರ್ ಕಥಿ.

ಹಾಸನ ಟೈಲ್ಸ್ ಕೆಲಸ: ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಓದಿ ಓದಿ ತಲೆ ಕೆಡ್ತು. ನಾವೆಲ್ಲ ಕಳ್ಳರು, ಓನರ್‌ಗಳೆಲ್ಲ ಹರಿಶ್ಚಂದ್ರರು. ಐದಡಿ ಏಳಡಿ ಬಾತ್‌ರೂಮಿಗೆ ನಾಲ್ಕಡಿ ಉದ್ದದ ಟೈಲ್ಸ್ ತಂದಿಟ್ಟು 'ವೇಸ್ಟ್ ಯಾಕೆ ಆಯ್ತು' ಅಂತ ಕೇಳ್ತಾರೆ. ಅರ್ಧ ಗೋಡೆ ಹಾಕಿದ ಮೇಲೆ ಡೈವರ್ಟರ್, ಅಂದರೆ ನೀರನ್ನ ನಲ್ಲಿಗೋ ಶವರಿಗೋ ತಿರುಗಿಸೋ ವಾಲ್ವು, ಅರ್ಧ ಅಡಿ ಮೇಲೆ ಹೋಗಲಿ ಅಂತಾರೆ. ಮತ್ತೆ ಪೈಪಿಗೆ ಗೋಡೇಲಿ ಗ್ರೂವ್ ಹೊಡೀಬೇಕು, ಅದಕ್ಕೆ ದುಡ್ಡು ಕೇಳಿದರೆ ಮೋಸ. ಮಾಸ್ತರೇ, ಶನಿವಾರ ಹುಡುಗರಿಗೆ ಬಟವಾಡೆ ಮಾಡಲೇಬೇಕು, ನಿಮ್ಮ 40% ಬರೋ ತನಕ ಅವರ ಹೊಟ್ಟೆ ಕಾಯಲ್ಲ. ಕೊನೆಗೆ ಹಿಡಿಯೋ 10% ಇದೆಯಲ್ಲ, ನಮಗೆ ಉಳಿಯೋದೇ ಅಷ್ಟು.

ಧಾರವಾಡ ಮಾಸ್ತರ: ಉಳಿಯೂದು ಕಮ್ಮಿ ಅಂದ್ರ ಬಿಲ್ ಯಾಕ ಕೊಡಂಗಿಲ್ಲ? ಕೇಳಿದ ಕೂಡಲೇ '18% ಜಿಎಸ್‌ಟಿ ಸೇರ್ತದ ಸರ' ಅಂತ ಅಂಜಸ್ತೀರಿ.

ಹಾಸನ ಟೈಲ್ಸ್ ಕೆಲಸ: ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿನೇ ಬೇಕಿಲ್ಲ. ನಾನು ಸಾದಾ ಬಿಲ್ ಕೊಡ್ತೀನಿ. ಕ್ಯಾಶ್ ಕೊಟ್ಟರೆ ಎಷ್ಟು ಬಿಡ್ತೀರಿ ಅಂತ ಮೊದಲು ಕೇಳೋದು ನಿಮ್ಮಂಥವರೇ.

ಸುರತ್ಕಲ್ ಅಕ್ಕ: ಕ್ಯಾಶ್ ಕೊಡಲೇಬೇಡಿ. ನನ್ನ ಕೇಸಿನಲ್ಲಿ ಬಿಲ್ ಅರ್ಧಕ್ಕೆ ಮಾತ್ರ ಉಂಟು. ಬಾಕಿಯದ್ದಕ್ಕೆ ಯುಪಿಐ ಲೆಕ್ಕ, ವಾಟ್ಸಾಪ್ ಮೆಸೇಜು ಎಲ್ಲ ಪ್ರಿಂಟ್ ತೆಗೆದು ಕೊಟ್ಟದ್ದು.

ರಾಜಾಜಿನಗರದವ: ಹಾಸನದವರೇ, ನಿಮ್ಮ ರೇಟ್ ಕಾರ್ಡ್ ಹಾಕಿ ನೋಡೋಣ. ನಮ್ಮವನು ಟೈಲ್ಸ್ ಹಾಕೋಕೆ ಚದರಡಿಗೆ ಒಂದು ರೇಟು, ಮೂಲೆಯ 45 ಡಿಗ್ರಿ ಕಟಿಂಗ್‌ಗೆ ರನ್ನಿಂಗ್ ಫೀಟಿಗೆ ಮತ್ತೆ 90 ಹಾಕಿದ್ದ. ಒಂದೇ ಟೈಲ್ಸಿಗೆ ಎರಡು ಸಲ ದುಡ್ಡಾ?

ಹಾಸನ ಟೈಲ್ಸ್ ಕೆಲಸ: ಹೌದು, ಎರಡು ಕೆಲಸ, ಎರಡು ದುಡ್ಡು. ನನ್ನದು 110.

ರಾಜಾಜಿನಗರದವ: 110! ಹಾಸನದಲ್ಲಿ!

ಹಾಸನ ಟೈಲ್ಸ್ ಕೆಲಸ: ಬನ್ನಿ ಸಾರ್ ಇಲ್ಲಿಗೆ. ಕಟಿಂಗ್ ಮಷೀನ್ ಕೈಗೆ ಕೊಡ್ತೀನಿ. ಪಾಲಿಶ್ ಚಕ್ಕೆ ಏಳದ ಹಾಗೆ ಒಂದಡಿ ಕೊಯ್ದು ತೋರಿಸಿ, 110 ನಾನೇ ಕೊಡ್ತೀನಿ.